ಚಕ್ರದ ಹಲಗೆಯ ಆಟಗಳನ್ನು ಯಂತ್ರವು ಗುರುತಿಸುವ ಬಗೆ

ಭೌತಶಾಸ್ತ್ರದ ಪಾಠಪುಸ್ತಕದಲ್ಲಿ ಜಡತ್ವ, ಗುರುತ್ವಾಕರ್ಷಣ, ಭ್ರಮಣ ಎಂಬ ಅಧ್ಯಾಯಗಳನ್ನು ಓದಿ ಮುಗಿಸಿದ ವಿದ್ಯಾರ್ಥಿನಿಯರಲ್ಲಿ ಹಲವರು, ಇವು ಪರೀಕ್ಷೆಯ ದಿನದ ಹೊರತು ಮತ್ತಾವ ದಿನಕ್ಕೂ ಒದಗತಕ್ಕವಲ್ಲವೆಂದು ತಿಳಿಯುವದುಂಟು. ಗಣಿತದಲ್ಲಿ ಬರುವ ಪೈಥಾಗೊರಸನ ಪ್ರಮೇಯದ ವಿಷಯದಲ್ಲಿಯೂ ಇದೇ ದೂರು. ಆದಕಾರಣ ಇವೆಲ್ಲವೂ ಒಂದೇ ಕಡೆಯಲ್ಲಿ ಕೂಡಿಬಂದು ಕೆಲಸಮಾಡುವ ದೃಷ್ಟಾಂತವೊಂದನ್ನು ವಾಚಕಿಯರ ಮುಂದಿಡಬೇಕೆಂದು ಯೋಚಿಸಿ, ನಾವು ಒಂದು ಆಟವನ್ನೇ ಆರಿಸಿಕೊಂಡೆವು. ಅದು ಸ್ಕೇಟ್‌ಬೋರ್ಡ್ ಎಂಬ ಚಕ್ರದ ಹಲಗೆಯ ಆಟ. ಹಲಗೆಯು ಗಾಳಿಯಲ್ಲಿ ಹೇಗೆ ತಿರುಗಿತೆಂಬದನ್ನು ಅದಕ್ಕೆ ಅಂಟಿಸಿದ ಚಿಕ್ಕದೊಂದು ಉಪಕರಣವು ಅಳೆದುಕೊಡಲು, ಆಟಗಾರ್ತಿಯು ಮಾಡಿದ ಚಮತ್ಕಾರವು ಇಂಥದ್ದೇ ಎಂದು ಗಣಕಯಂತ್ರವು ಹೆಸರಿಸುವ ವಿದ್ಯೆಯು ಈಚಿನ ವರುಷಗಳಲ್ಲಿ ಬೆಳೆದಿದೆ. ಆ ವಿದ್ಯೆಯ ಒಳಗುಟ್ಟೇನೆಂಬದೇ ಈ ಪಾಠದ ವಿಷಯ.

ಮೊದಲು ಹಲಗೆಯನ್ನು ನೋಡೋಣ. ಇದು ಸುಮಾರು ೮೦ ಸೆಂಟಿಮೀಟರು ಉದ್ದವೂ ೨೦ ಸೆಂಟಿಮೀಟರು ಅಗಲವೂ ಉಳ್ಳದ್ದು. ಸಾಮಾನ್ಯವಾಗಿ ಮೇಪಲ್ ಮರದ ಏಳು ತೆಳುಪದರಗಳನ್ನು ಅಂಟಿಸಿ, ಒತ್ತಿ, ಎರಡು ತುದಿಗಳನ್ನೂ ಮೇಲಕ್ಕೆ ಬಾಗಿಸಿ ಇದನ್ನು ಮಾಡುವರು. ಮುಂದಿನ ತುದಿಗೆ ಮೂಗೆಂದೂ ಹಿಂದಿನದಕ್ಕೆ ಬಾಲವೆಂದೂ ಹೆಸರು. ಕೆಳಗಡೆಯಲ್ಲಿ ಲೋಹದ ಎರಡು ಅಚ್ಚುಗಳೂ ನಾಲ್ಕು ಚಕ್ರಗಳೂ ಇರುವವು. ಹಲಗೆಯನ್ನು ಕಾಲಿಗೆ ಕಟ್ಟುವದಿಲ್ಲವೆಂಬದನ್ನು ಮುಖ್ಯವಾಗಿ ನೆನಪಿನಲ್ಲಿಡತಕ್ಕದ್ದು. ಆಟದ ಸೊಗಸೂ ಕಷ್ಟವೂ ಎರಡೂ ಅದರಿಂದಲೇ ಹುಟ್ಟುತ್ತವೆ. ಅಮೆರಿಕದ ಕ್ಯಾಲಿಫೋರ್ನಿಯಾ ಸೀಮೆಯಲ್ಲಿ ಕಡಲಿನ ಅಲೆಗಳ ಮೇಲೆ ಹಲಗೆಯೇರಿ ಆಡುತ್ತಿದ್ದವರು ೧೯೫೦ರ ದಶಕದಲ್ಲಿ ಅದೇ ಸುಖವನ್ನು ನೆಲದ ಮೇಲೆ ಪಡೆಯಲು ಈ ಆಟವನ್ನು ರೂಢಿಗೆ ತಂದರು. ೧೯೭೦ರ ದಶಕದಲ್ಲಿ ಯುರಿಥೇನಿನ ಮೆತ್ತನೆಯ ಚಕ್ರಗಳು ಬಂದ ಮೇಲೆ ಹಲಗೆಯು ಒರಟು ನೆಲವನ್ನೂ ಹಿಡಿದು ಓಡುವಂತಾಯಿತು. ಆ ದಶಕದ ಕೊನೆಯಲ್ಲಿ ಫ್ಲಾರಿಡಾದ ಆಲನ್ ಗೆಲ್‌ಫಂಡನೆಂಬ ಹುಡುಗನು ಕೈಯಿಂದ ಹಿಡಿಯದೆಯೇ ಹಲಗೆಯೊಡನೆ ಹಾರುವದನ್ನು ಕಂಡುಹಿಡಿದನು. ಅವನ ಅಡ್ಡಹೆಸರಿನಿಂದಲೇ ಆ ಹಾರಿಕೆಗೆ ‘ಆಲಿ’ ಎಂಬ ಹೆಸರು ನಿಂತಿತು. ೧೯೮೦ರ ದಶಕದ ಆರಂಭದಲ್ಲಿ ರಾಡ್ನಿ ಮಲನ್ ಎಂಬವನು ಅದನ್ನು ಸಮನೆಲದ ಮೇಲೆಯೂ ಸಾಧಿಸಿ, ಹಲಗೆಯನ್ನು ಗಾಳಿಯಲ್ಲಿ ಉರುಳಿಸುವ ಅನೇಕ ಚಮತ್ಕಾರಗಳನ್ನು ಕಲ್ಪಿಸಿದನು.

ಇದು ಬೀದಿಯ ಗಂಡುಹುಡುಗರ ಆಟವಲ್ಲವೇ, ನಮಗೇಕೆ ಎಂದು ಯಾರಾದರೂ ಕೇಳಿದರೆ ಉತ್ತರವು ಸಿದ್ಧವಾಗಿದೆ. ಟೋಕಿಯೋ ನಗರದಲ್ಲಿ ೨೦೨೧ರಲ್ಲಿ ನಡೆದ ಒಲಿಂಪಿಕ್ ಪಂದ್ಯಗಳಲ್ಲಿ ಈ ಆಟಕ್ಕೆ ಮೊದಲನೆಯ ಸಲ ಸ್ಥಾನ ದೊರೆತಾಗ, ಮಹಿಳೆಯರ ಸ್ಟ್ರೀಟ್ ವಿಭಾಗದಲ್ಲಿ ಚಿನ್ನವನ್ನು ಗೆದ್ದ ಜಪಾನಿನ ಮೊಮಿಜಿ ನಿಶಿಯಾ ಎಂಬವಳಿಗೂ ಬೆಳ್ಳಿಯನ್ನು ಗೆದ್ದ ಬ್ರೆಜಿಲಿನ ರಾಯ್ಸಾ ಲಿಯಾಲ್ ಎಂಬವಳಿಗೂ ತಲಾ ೧೩ ವರುಷ. ೨೦೨೪ರಲ್ಲಿ ಪ್ಯಾರಿಸ್ ನಗರದಲ್ಲಿ ಅದೇ ವಿಭಾಗದ ಚಿನ್ನವು ಕೊಕೊ ಯೊಶಿಜಾವಾ ಎಂಬವಳಿಗೂ, ಪಾರ್ಕ್ ವಿಭಾಗದ ಚಿನ್ನವು ಆಸ್ಟ್ರೇಲಿಯಾದ ಅರೀಸಾ ಟ್ರೂ ಎಂಬವಳಿಗೂ ಬಂತು. ಇಬ್ಬರಿಗೂ ೧೪ ವರುಷ. ಅಂದರೆ ನಮ್ಮ ವಾಚಕಿಯರಲ್ಲಿ ಅನೇಕರ ಓರಗೆಯವರೇ.

ಇನ್ನು ಚಮತ್ಕಾರಗಳನ್ನು ತಿಳಿಯಬೇಕು. ಹಲಗೆಯು ಮೂರು ವಿಧವಾಗಿ ತಿರುಗಬಲ್ಲದು. ಏತದ ಮರದಂತೆ ಒಂದು ತುದಿ ಏಳುತ್ತಾ ಇನ್ನೊಂದು ಇಳಿಯುವದು ಒಂದು. ಲಟ್ಟಣಿಗೆಯಂತೆ ತನ್ನ ಉದ್ದದ ಸುತ್ತ ಉರುಳುವದು ಎರಡನೆಯದು. ಬೀಸುವ ಕಲ್ಲಿನಂತೆ ಮಟ್ಟಸವಾಗಿ ಸುತ್ತುವದು ಮೂರನೆಯದು. ಆಲಿಯಲ್ಲಿ ಆಟಗಾರ್ತಿಯು ಹಿಂಗಾಲಿನಿಂದ ಬಾಲವನ್ನು ನೆಲಕ್ಕೆ ಬಡಿದು ಹಾರುವಳು, ಮೂಗು ಮೇಲಕ್ಕೇಳುವದು, ಮುಂಗಾಲು ಹಲಗೆಯನ್ನು ಉಜ್ಜುತ್ತಾ ಮುಂದಕ್ಕೆ ಸರಿದು ಅದನ್ನು ಮಟ್ಟಮಾಡುವದು. ಇಲ್ಲಿ ಇರುವದು ಏತದ ಚಲನೆ ಮಾತ್ರ, ಅದೂ ಹೋದಷ್ಟೇ ಹಿಂತಿರುಗಿ ಬರುವಂಥದು. ಅದೇ ಹಾರಿಕೆಯಲ್ಲಿ ಮುಂಗಾಲಿನ ತುದಿಯು ಹಲಗೆಯ ಅಂಚನ್ನು ಚಿಮ್ಮಿಸಿ ಲಟ್ಟಣಿಗೆಯಂತೆ ಒಂದು ಪೂರ್ಣ ಸುತ್ತು, ಅಂದರೆ ೩೬೦ ಅಂಶ, ಉರುಳಿಸಿದರೆ ಅದು ‘ಕಿಕ್‌ಫ್ಲಿಪ್’. ಹಿಮ್ಮಡಿಯಿಂದ ಚಿಮ್ಮಿಸಿ ಎದುರುದಿಕ್ಕಿಗೆ ಉರುಳಿಸಿದರೆ ‘ಹೀಲ್‌ಫ್ಲಿಪ್’. ಬೀಸುವ ಕಲ್ಲಿನಂತೆ ಅರ್ಧ ಸುತ್ತು, ೧೮೦ ಅಂಶ, ತಿರುಗಿದರೆ ‘ಶವ್-ಇಟ್’. ಆ ಅರ್ಧ ಸುತ್ತೂ ಕಿಕ್‌ಫ್ಲಿಪ್ಪಿನ ಉರುಳುವಿಕೆಯೂ ಕೂಡಿದರೆ ‘ವೇರಿಯಲ್ ಕಿಕ್‌ಫ್ಲಿಪ್’. ಹೆಸರುಗಳು ನೂರಾರು ಇದ್ದರೂ ನಮ್ಮ ಪಾಠಕ್ಕೆ ಇಷ್ಟು ಸಾಕು.

ಇದನ್ನು ಕಣ್ಣಿನಿಂದಲೇ ನೋಡಿ ಹೇಳಬಾರದೇ? ಅಭ್ಯಾಸವಿದ್ದವರು ಹೇಳಬಲ್ಲರು. ಆದರೆ ಎಲ್ಲವೂ ಎಷ್ಟು ಕಾಲದಲ್ಲಿ ನಡೆದುಹೋಗುವದೆಂಬದನ್ನು ಲೆಕ್ಕಮಾಡಿರಿ. ಹಲಗೆಯು ೪೫ ಸೆಂಟಿಮೀಟರು ಎತ್ತರಕ್ಕೆ ಏರಿತೆಂದು ಇಟ್ಟುಕೊಳ್ಳೋಣ. ಅಷ್ಟು ಎತ್ತರದಿಂದ ಬೀಳಲು ಬೇಕಾದ ಕಾಲವು, ಎತ್ತರದ ಎರಡರಷ್ಟನ್ನು ಗುರುತ್ವದ ವೇಗೋತ್ಕರ್ಷವಾದ ೯.೮ರಿಂದ ಭಾಗಿಸಿ ವರ್ಗಮೂಲ ತೆಗೆದಷ್ಟು. ಅದು ಸುಮಾರು ೦.೩ ಸೆಕೆಂಡು ಆಗುವದು. ಏರುವದಕ್ಕೂ ಅಷ್ಟೇ. ಒಟ್ಟು ೦.೬ ಸೆಕೆಂಡು. ಇಷ್ಟರೊಳಗೆ ಹಲಗೆಯು ಏಳಬೇಕು, ಉರುಳಬೇಕು, ಕಾಲಿಗೆ ಸಿಕ್ಕಬೇಕು, ಇಳಿಯಬೇಕು. ತಾನೇ ಹಾರುತ್ತಿರುವ ಹುಡುಗಿಯು ಹಲಗೆಯು ೩೬೦ ಅಂಶಕ್ಕೆ ಬದಲಾಗಿ ೩೨೦ರಲ್ಲಿ ನಿಂತಿತೆಂಬದನ್ನು ಹೇಗೆ ಅರಿತಾಳು? ಬಿದ್ದದ್ದು ಮಾತ್ರ ತಿಳಿಯುವದು, ಏಕೆ ಬಿದ್ದೆನೆಂಬದು ತಿಳಿಯದು. ಪಕ್ಕದಲ್ಲಿ ನಿಂತು ತಿದ್ದುವ ಶಿಕ್ಷಕರಿಲ್ಲದ ಕಡೆಯಲ್ಲಿ ಕಲಿಯುವವರಿಗೆ ಇದು ದೊಡ್ಡ ಅಡ್ಡಿ.

ಅಳೆಯುವ ಉಪಕರಣದಲ್ಲಿ ಎರಡು ಅಂಗಗಳಿರುವವು. ಒಂದು ಆಕ್ಸಿಲರೊಮೀಟರೆಂಬ ವೇಗೋತ್ಕರ್ಷಮಾಪಕ. ಸಿಲಿಕಾನಿನಲ್ಲಿ ಕೊರೆದ ಅತಿ ಸೂಕ್ಷ್ಮವಾದ ಸ್ಪ್ರಿಂಗುಗಳ ನಡುವೆ ಒಂದು ಚಿಕ್ಕ ತುಣುಕು ತೂಗುತ್ತಿರುವದು. ಮೋಟಾರು ಬಸ್ಸು ಥಟ್ಟನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುವಂತೆ, ಉಪಕರಣವು ಚಲಿಸಿದೊಡನೆ ಆ ತುಣುಕು ಜಡತ್ವದಿಂದ ಹಿಂದುಳಿದು, ಪಕ್ಕದ ತಟ್ಟೆಗಳಿಗೂ ಅದಕ್ಕೂ ಇರುವ ಅಂತರವು ಬದಲಾಗುವದು. ಆ ಬದಲಾವಣೆಯನ್ನು ವಿದ್ಯುತ್ತಿನ ಮೂಲಕ ಅಳೆಯುವರು. ಇಲ್ಲಿ ಒಂದು ಸೋಜಿಗವುಂಟು. ಮೇಜಿನ ಮೇಲೆ ಸುಮ್ಮನೆ ಇಟ್ಟಾಗ ಈ ಮಾಪಕವು ಸೊನ್ನೆಯನ್ನು ತೋರಿಸುವದಿಲ್ಲ. ತುಣುಕಿನ ಭಾರವನ್ನು ಸ್ಪ್ರಿಂಗುಗಳು ಹೊತ್ತಿರುವದರಿಂದ ಗುರುತ್ವದಷ್ಟೇ ವೇಗೋತ್ಕರ್ಷವನ್ನು ತೋರಿಸುವದು. ಕೆಳಗೆ ಬೀಳುತ್ತಿರುವಾಗಲೋ, ತುಣುಕೂ ಪೆಟ್ಟಿಗೆಯೂ ಜೊತೆಯಾಗಿಯೇ ಬೀಳುವದರಿಂದ ಹೊರುವ ಕೆಲಸವೇ ಇಲ್ಲದೆ ಸೊನ್ನೆಯನ್ನು ತೋರಿಸುವದು. ಹೀಗೆ, ಬಾಲದ ಬಡಿತದಿಂದ ಒಂದು ದೊಡ್ಡ ಏಟು, ಆಮೇಲೆ ಕೊಂಚ ಹೊತ್ತು ಸೊನ್ನೆಯ ಹತ್ತಿರದ ಶಾಂತಿ, ಆಮೇಲೆ ಇಳಿದಾಗ ಇನ್ನೊಂದು ಏಟು ಎಂಬ ಕ್ರಮವು ಕಂಡುಬಂದರೆ ಹಲಗೆಯು ಹಾರಿತೆಂದು ತಿಳಿಯಬಹುದು. ಗಂಟೆಗಟ್ಟಲೆ ಓಡಾಟದ ದಾಖಲೆಯೊಳಗಿಂದ ಚಮತ್ಕಾರದ ತುಂಡುಗಳನ್ನು ಕತ್ತರಿಸಿ ತೆಗೆಯುವ ಬಗೆ ಇದೇ.

ಸೊನ್ನೆಯ ‘ಹತ್ತಿರ’ ಎಂದೆವಷ್ಟೆ. ಪೂರಾ ಸೊನ್ನೆ ಏಕಲ್ಲವೆಂದರೆ, ಕಾಲು ಹಲಗೆಯನ್ನು ತಳ್ಳುತ್ತಲೇ ಇರುವದು ಒಂದು ಕಾರಣ. ಇನ್ನೊಂದು ಕಾರಣ ತಿರುಗಾಟವೇ. ತಿರುಗುವ ವಸ್ತುವಿನ ಅಂಚಿನಲ್ಲಿರುವ ಬಿಂದುವಿಗೆ ಕೇಂದ್ರದ ಕಡೆಗೆ ವೇಗೋತ್ಕರ್ಷವಿರುವದು. ಕಿಕ್‌ಫ್ಲಿಪ್ಪಿನ ೩೬೦ ಅಂಶಗಳು ೦.೪ ಸೆಕೆಂಡಿನಲ್ಲಿ ಮುಗಿದರೆ ಭ್ರಮಣವೇಗವು ಸೆಕೆಂಡಿಗೆ ೯೦೦ ಅಂಶ. ಮಾಪಕವನ್ನು ಉರುಳುವ ಅಕ್ಷದಿಂದ ೩ ಸೆಂಟಿಮೀಟರು ದೂರದಲ್ಲಿ ಅಂಟಿಸಿದ್ದರೆ ಇದರಿಂದಲೇ ಗುರುತ್ವದ ಮುಕ್ಕಾಲು ಪಾಲಿನಷ್ಟು ವೇಗೋತ್ಕರ್ಷವು ಕಾಣುವದು. ಮೇಲಿನ ತರಗತಿಯ ವಿದ್ಯಾರ್ಥಿನಿಯರು ಈ ಲೆಕ್ಕವನ್ನು ಮಾಡಿ ನೋಡಬಹುದು. ಆದ್ದರಿಂದ ಉಪಕರಣವನ್ನು ಎಲ್ಲರ ಹಲಗೆಯಲ್ಲಿಯೂ ಒಂದೇ ಸ್ಥಳದಲ್ಲಿ, ಒಂದೇ ಮುಖವಾಗಿ ಅಂಟಿಸತಕ್ಕದ್ದು. ಇದು ಸಣ್ಣ ಮಾತೆಂದು ತೋರಬಹುದಾದರೂ, ಇದನ್ನು ಅಲಕ್ಷಿಸಿದರೆ ಮುಂದಿನ ದುಡಿಮೆಯೆಲ್ಲಾ ನೀರಿನಲ್ಲಿ ಹೋಮಮಾಡಿದಂತೆ.

ಎರಡನೆಯ ಅಂಗವು ಗೈರೊಸ್ಕೋಪೆಂಬ ಭ್ರಮಣಮಾಪಕ. ಇದರಲ್ಲಿ ಒಂದು ಸೂಕ್ಷ್ಮ ತುಣುಕು ಎಡೆಬಿಡದೆ ಕಂಪಿಸುತ್ತಿರುವದು. ಪೆಟ್ಟಿಗೆಯು ತಿರುಗಿದಾಗ ಆ ಕಂಪನವು ಪಕ್ಕಕ್ಕೆ ಎಳೆಯಲ್ಪಡುವದು. ಫ್ರೆಂಚ್ ವಿದ್ವಾಂಸನಾದ ಕೊರಿಯೊಲಿಸನು ೧೮೩೫ರಲ್ಲಿ ವಿವರಿಸಿದ ಬಲವೇ ಇದಕ್ಕೆ ಕಾರಣ. ಎಳೆತವು ಎಷ್ಟೋ ತಿರುಗುವ ವೇಗವು ಅಷ್ಟು. ಎರಡು ಅಂಗಗಳೂ ಮೂರು ಮೂರು ದಿಕ್ಕುಗಳಲ್ಲಿ ಅಳೆಯುವವು. ಎರಡೂ ಸೇರಿ ೪ ಮಿಲಿಮೀಟರು ಚೌಕದ ಒಂದೇ ಬಿಲ್ಲೆಯೊಳಗೆ ಅಡಗಬಲ್ಲವು. ಮೊಬೈಲ್ ಫೋನನ್ನು ಅಡ್ಡ ಹಿಡಿದಾಗ ಅದರ ಚಿತ್ರವೂ ಅಡ್ಡಲಾಗುವದು ಇಂಥ ಬಿಲ್ಲೆಯಿಂದಲೇ. ಮಾಪಕವನ್ನು ಆರಿಸುವಾಗ ಒಂದು ಎಚ್ಚರಿಕೆ ಬೇಕು: ಸೆಕೆಂಡಿಗೆ ೫೦೦ ಅಂಶಗಳವರೆಗೆ ಮಾತ್ರ ಅಳೆಯುವಂತೆ ಹೊಂದಿಸಿದರೆ ೯೦೦ ಅಂಶಗಳ ಕಿಕ್‌ಫ್ಲಿಪ್ಪು ಅದರ ಅಳತೆಯನ್ನೇ ಮೀರಿಹೋಗುವದು. ಪಾವಿನಲ್ಲಿ ಸೇರು ಹಿಡಿಯುವದೇ? ಸೆಕೆಂಡಿಗೆ ೨೦೦೦ ಅಂಶಗಳವರೆಗೆ ಹೊಂದಿಸತಕ್ಕದ್ದು.

ಸೆಕೆಂಡಿಗೆ ೨೦೦ ಸಲ ಅಳತೆ ತೆಗೆದರೆ ೦.೬ ಸೆಕೆಂಡಿನ ಹಾರಿಕೆಗೆ ೧೨೦ ಸಲ, ಸಲಕ್ಕೆ ಆರು ಸಂಖ್ಯೆಗಳಂತೆ ಒಟ್ಟು ೭೨೦ ಸಂಖ್ಯೆಗಳು ದೊರೆಯುವವು. ಇವನ್ನು ನೋಡಿ ಮನುಷ್ಯರು ಏನೂ ಹೇಳಲಾರರು. ಆದರೆ ಪ್ರತಿ ಕ್ಷಣದ ಭ್ರಮಣವೇಗವನ್ನು ಆ ಕ್ಷಣದ ಅವಧಿಯಿಂದ ಗುಣಿಸಿ ಕೂಡುತ್ತಾ ಹೋದರೆ ಒಟ್ಟು ಎಷ್ಟು ಅಂಶ ತಿರುಗಿತೆಂಬದು ಹೆಚ್ಚುಕಡಿಮೆ ಸಿಕ್ಕುವದು. ಮಾಪಕದಲ್ಲಿ ಸೆಕೆಂಡಿಗೆ ಒಂದು ಅಂಶದಷ್ಟು ತಪ್ಪಿದ್ದರೂ ಅರ್ಧ ಸೆಕೆಂಡಿನಲ್ಲಿ ಅದು ಅರ್ಧ ಅಂಶ ಮಾತ್ರ. ಒಂದು ನಿಮಿಷ ಕೂಡುತ್ತಾ ಹೋದರೆ ಮಾತ್ರ ೬೦ ಅಂಶವಾಗಿ ಎಲ್ಲವನ್ನೂ ಕೆಡಿಸುವದು. ಹಾರಿಕೆಯು ಅಲ್ಪಕಾಲದ್ದಾಗಿರುವದು ಕಣ್ಣಿಗೆ ತೊಡಕಾದರೂ ಲೆಕ್ಕಕ್ಕೆ ಉಪಕಾರವೇ.

ಈಗ ಯಂತ್ರದ ಕಲಿಕೆಗೆ ಬರೋಣ. ಯಂತ್ರವು ಕಲಿಯುವದೆಂದರೆ ಅದಕ್ಕೆ ಬುದ್ಧಿ ಬಂತೆಂದು ಭ್ರಮಿಸಬೇಡಿರಿ. ಹೆಸರು ಗೊತ್ತಿರುವ ಮಾದರಿಗಳನ್ನು ಮೊದಲು ಅದಕ್ಕೆ ಕೊಟ್ಟು, ಹೆಸರು ಗೊತ್ತಿಲ್ಲದ ಹೊಸತೊಂದು ಬಂದಾಗ ಅದು ಯಾವ ಮಾದರಿಗೆ ಹತ್ತಿರವೆಂದು ಲೆಕ್ಕಮಾಡಿಸುವದೇ ಅದರ ಸರಳವಾದ ರೂಪ. ಪ್ರತಿಯೊಂದು ಚಮತ್ಕಾರಕ್ಕೂ ಎರಡೇ ಸಂಖ್ಯೆಗಳನ್ನು ಇಟ್ಟುಕೊಳ್ಳೋಣ: ಲಟ್ಟಣಿಗೆಯಂತೆ ಉರುಳಿದ ಅಂಶಗಳು ಮೊದಲನೆಯದು, ಬೀಸುವ ಕಲ್ಲಿನಂತೆ ಸುತ್ತಿದ ಅಂಶಗಳು ಎರಡನೆಯದು. ನಮ್ಮ ಮಾದರಿಗಳು ಹೀಗಿರಲಿ: ಆಲಿ ೮ ಮತ್ತು ೫, ಕಿಕ್‌ಫ್ಲಿಪ್ ೩೫೨ ಮತ್ತು ೧೦, ಶವ್-ಇಟ್ ೧೨ ಮತ್ತು ೧೭೬, ವೇರಿಯಲ್ ಕಿಕ್‌ಫ್ಲಿಪ್ ೩೫೫ ಮತ್ತು ೧೭೮. ಹೊಸ ಹಾರಿಕೆಯೊಂದು ೩೪೧ ಮತ್ತು ೨೦ ಎಂದು ಬಂತು. ನಕ್ಷೆಯ ಕಾಗದದ ಮೇಲೆ ಇವನ್ನೆಲ್ಲಾ ಬಿಂದುಗಳಾಗಿ ಗುರುತಿಸಿ, ಪೈಥಾಗೊರಸನ ಪ್ರಮೇಯದಿಂದ ದೂರಗಳನ್ನು ಅಳೆಯಿರಿ. ಕಿಕ್‌ಫ್ಲಿಪ್ಪಿಗೆ ಭೇದವು ೧೧ ಮತ್ತು ೧೦. ಅವುಗಳ ವರ್ಗಗಳು ಕೂಡಿ ೨೨೧. ಮೂಲವು ಸುಮಾರು ೧೫. ಆಲಿಗೆ ಇದೇ ರೀತಿಯಾಗಿ ೩೩೩, ಶವ್-ಇಟ್ಟಿಗೆ ೩೬೪, ವೇರಿಯಲ್ಲಿಗೆ ೧೫೯. ಸಂದೇಹವೇ ಇಲ್ಲ, ಇದು ಕಿಕ್‌ಫ್ಲಿಪ್.

ಆದರೆ ಎಲ್ಲಾ ಹಾರಿಕೆಗಳೂ ಇಷ್ಟು ಸಾಧುವಾಗಿರುವದಿಲ್ಲ. ಕಲಿಯುತ್ತಿರುವ ಹುಡುಗಿಯೊಬ್ಬಳ ಹಲಗೆಯು ೩೫೦ ಉರುಳಿ ೯೫ ಸುತ್ತಿತೆನ್ನೋಣ. ಕಿಕ್‌ಫ್ಲಿಪ್ಪಿಗೆ ದೂರವು ಸುಮಾರು ೮೫, ವೇರಿಯಲ್ಲಿಗೆ ಸುಮಾರು ೮೩. ಯಂತ್ರವು ಕೂದಲೆಳೆಯಷ್ಟು ಅಂತರದಿಂದ ವೇರಿಯಲ್ ಎಂದು ಹೇಳಿಬಿಡುವದು. ಅವಳು ಮಾಡಹೋದದ್ದು ಕಿಕ್‌ಫ್ಲಿಪ್ಪಾಗಿದ್ದು ಹಲಗೆಯು ಅಡ್ಡಕ್ಕೆ ಹೋಗಿರಬಹುದು. ವೇರಿಯಲ್ಲೇ ಆಗಿದ್ದು ಅರ್ಧಕ್ಕೆ ನಿಂತಿರಬಹುದು. ಹಲಗೆಗೆ ಮನಸ್ಸಿನ ಸಂಕಲ್ಪವು ತಿಳಿಯದು. ನಮ್ಮ ಅಭಿಪ್ರಾಯದಲ್ಲಿ ಇಂಥ ಸಮಯದಲ್ಲಿ ಒಂದೇ ಹೆಸರನ್ನು ಧೈರ್ಯವಾಗಿ ಕೂಗುವ ಯಂತ್ರಕ್ಕಿಂತ, ಎರಡು ಹೆಸರುಗಳನ್ನೂ ಹೇಳಿ ನಿಶ್ಚಯವಿಲ್ಲವೆಂದು ತಿಳಿಸುವ ಯಂತ್ರವೇ ಮೇಲು. ಹಾಗೆ ಮಾಡಿಸುವದು ಕಷ್ಟವೂ ಅಲ್ಲ.

ವಿದ್ವಾಂಸರು ಎರಡೇ ಸಂಖ್ಯೆಗಳಿಂದ ತೃಪ್ತರಾಗುವದಿಲ್ಲ. ಪ್ರತಿಯೊಂದು ದಿಕ್ಕಿನ ಅಳತೆಗಳ ಸರಾಸರಿ, ಅತಿ ಹೆಚ್ಚು, ಅತಿ ಕಡಿಮೆ, ಚದುರಿಕೆ ಮುಂತಾದ ಅನೇಕ ಲಕ್ಷಣಗಳನ್ನು ತೆಗೆದು, ನಮ್ಮ ಕಾಗದದ ಎರಡು ದಿಕ್ಕುಗಳಿಗೆ ಬದಲಾಗಿ ಹತ್ತಾರು ದಿಕ್ಕುಗಳುಳ್ಳ ಕಲ್ಪನೆಯ ಅವಕಾಶದಲ್ಲಿ ಗುಂಪುಗಳ ನಡುವೆ ಗಡಿಗಳನ್ನು ಎಳೆಯಿಸುವರು. ಜರ್ಮನಿಯ ಎರ್ಲಾಂಗನ್ ವಿಶ್ವವಿದ್ಯಾಲಯದ ಸಂಶೋಧಕರು ೨೦೧೫ರಲ್ಲಿ ಹಲಗೆಗೆ ಮಾಪಕವನ್ನು ಕಟ್ಟಿ ಆರು ಬಗೆಯ ಚಮತ್ಕಾರಗಳನ್ನು ಗುರುತಿಸಿದರು. ಅವರು ಹೇಳಿದ ಪ್ರಕಾರ ನೂರರಲ್ಲಿ ೯೭ಕ್ಕಿಂತ ಹೆಚ್ಚು ಸಲ ಹೆಸರು ಸರಿಯಾಗಿ ಬಂತು. ಬ್ರೆಜಿಲ್ ದೇಶದವರು ೨೦೧೭ರಲ್ಲಿ ಕೃತಕ ನರಜಾಲವೆಂಬ ವಿಧಾನದಿಂದ ಇದನ್ನೇ ಸಾಧಿಸಲು ನೋಡಿದರು. ಮಲೇಶಿಯಾದ ಪಹಾಂಗಿನಲ್ಲಿಯೂ ಇಂಥ ಕೆಲಸವು ನಡೆದಿದೆ.

ನೂರಕ್ಕೆ ಇಷ್ಟೆಂಬ ಅಂಕಿಯನ್ನು ಕೇಳಿದೊಡನೆ ಬೆರಗಾಗದೆ ಪರೀಕ್ಷೆಯು ಹೇಗೆ ನಡೆಯಿತೆಂದು ವಿಚಾರಿಸತಕ್ಕದ್ದು. ನೂರು ಹಾರಿಕೆಗಳಲ್ಲಿ ೯೦ ಆಲಿಗಳೇ ಇದ್ದರೆ, ಏನನ್ನೂ ನೋಡದೆ ಪ್ರತಿ ಸಲವೂ ಆಲಿ ಎನ್ನುವ ಯಂತ್ರಕ್ಕೂ ೯೦ ಅಂಕಗಳು ಬರುವವು! ಇನ್ನೊಂದು ಮೋಸವು ಇದಕ್ಕಿಂತ ಸೂಕ್ಷ್ಮವಾದದ್ದು. ಒಬ್ಬಳದೇ ಹಾರಿಕೆಗಳಲ್ಲಿ ಅರ್ಧವನ್ನು ಕಲಿಸುವದಕ್ಕೂ ಅರ್ಧವನ್ನು ಪರೀಕ್ಷಿಸುವದಕ್ಕೂ ಬಳಸಿದರೆ, ಯಂತ್ರವು ಚಮತ್ಕಾರದ ಬದಲಾಗಿ ಅವಳ ವೈಖರಿಯನ್ನೇ ಬಾಯಿಪಾಠ ಮಾಡಿರಬಹುದು. ತರಗತಿಯಲ್ಲಿ ಬಿಡಿಸಿದ ಲೆಕ್ಕವನ್ನೇ ಪರೀಕ್ಷೆಗೆ ಕೊಟ್ಟಂತಾಯಿತು. ಆದಕಾರಣ ಒಬ್ಬ ಆಟಗಾರ್ತಿಯನ್ನು ಪೂರ್ಣವಾಗಿ ಹೊರಗಿಟ್ಟು, ಉಳಿದವರಿಂದ ಕಲಿಸಿ, ಆಮೇಲೆ ಅವಳ ಹಾರಿಕೆಗಳಿಂದ ಪರೀಕ್ಷಿಸಬೇಕು. ಹೀಗೆಯೇ ಒಬ್ಬೊಬ್ಬರನ್ನೂ ಸರದಿಯಂತೆ ಹೊರಗಿಡಬೇಕು. ಆಗ ಬರುವ ಅಂಕವು ಸಾಮಾನ್ಯವಾಗಿ ಕಡಿಮೆಯಾಗಿದ್ದರೂ ನಂಬತಕ್ಕದ್ದು.

ಈ ಹೊರಗಿಡುವ ಮಾತು ನಮ್ಮನ್ನು ನಿಜವಾಗಿಯೂ ತಟ್ಟುವಂಥ ಇನ್ನೊಂದು ಮಾತಿಗೆ ಒಯ್ಯುತ್ತದೆ. ಮಾದರಿಗಳನ್ನೆಲ್ಲಾ ಬೆಳೆದ ಗಂಡಸರಿಂದಲೇ ಸಂಗ್ರಹಿಸಿದರೆಂದು ಭಾವಿಸಿರಿ. ೩೫ ಕಿಲೋಗ್ರಾಂ ತೂಕದ ಹುಡುಗಿಯು ಇಳಿದಾಗಿನ ಏಟು ೭೫ ಕಿಲೋಗ್ರಾಂ ಗಂಡಸಿನ ಏಟಿನಂತಿರದು. ಅವಳ ಹಾರಿಕೆಯು ತಗ್ಗಾಗಿದ್ದು ನಡುವಣ ಶಾಂತಿಯ ಕಾಲವು ಕಿರಿದಾಗಿರಬಹುದು. ಇಷ್ಟಕ್ಕಿಂತ ಕಡಿಮೆಯಾದರೆ ಹಾರಿಕೆಯೇ ಅಲ್ಲವೆಂದು ಗೆರೆಯನ್ನು ಎಳೆದಿದ್ದರೆ, ಅವಳು ಸರಿಯಾಗಿ ಮಾಡಿದ ಆಲಿಯೂ ಲೆಕ್ಕಕ್ಕೇ ಬಾರದೆ ಹೋಗುವದು. ಯಂತ್ರಕ್ಕೆ ಪಕ್ಷಪಾತದ ಬುದ್ಧಿಯಿಲ್ಲ, ನಿಜ. ಆದರೆ ಕಾಣದ್ದನ್ನು ಅದು ಕಲಿಯಲಾರದು. ಹುಡುಗಿಯರ ಹಾರಿಕೆಗಳನ್ನೂ ಹೊಸಬರ ಹಾರಿಕೆಗಳನ್ನೂ ಆರಂಭದಲ್ಲಿಯೇ ಸೇರಿಸಿಕೊಳ್ಳುವದು ದಯೆಯ ಕಾರ್ಯವಲ್ಲ, ಲೆಕ್ಕವು ಸರಿಯಾಗಬೇಕಾದರೆ ಆಗತಕ್ಕ ಕಾರ್ಯ.

ಎಡಗೈ ರೂಢಿಯವರನ್ನು ಹೋಲುವ ಒಂದು ತೊಡಕೂ ಉಂಟು. ಕೆಲವರು ಎಡಗಾಲನ್ನು ಮುಂದಿಟ್ಟು ನಿಲ್ಲುವರು, ಅವರಿಗೆ ‘ರೆಗ್ಯುಲರ್’ ಎನ್ನುವರು. ಬಲಗಾಲನ್ನು ಮುಂದಿಡುವವರಿಗೆ ‘ಗೂಫಿ’ ಎನ್ನುವರು. ಗೂಫಿಯ ಚಲನೆಯು ಕನ್ನಡಿಯಲ್ಲಿ ಕಂಡ ಪ್ರತಿಬಿಂಬದಂತಿರುವದರಿಂದ, ಅವಳ ಕಿಕ್‌ಫ್ಲಿಪ್ಪಿನಲ್ಲಿ ಹಲಗೆಯು ಉರುಳುವ ದಿಕ್ಕು ರೆಗ್ಯುಲರಳ ಹೀಲ್‌ಫ್ಲಿಪ್ಪಿನ ದಿಕ್ಕೇ ಆಗುವದು! ಅವಳು ಹೇಗೆ ನಿಲ್ಲುವಳೆಂಬದನ್ನು ಮೊದಲೇ ಕೇಳಿಕೊಂಡು ಚಿಹ್ನೆಗಳನ್ನು ಬದಲಿಸಿದರೆ ತೊಡಕು ತೀರುವದು.

ಹಲಗೆಯ ಚಲನೆಯು ಸರಿಯಾಗಿದ್ದರೂ ಆಟಗಾರ್ತಿಯು ಅದರ ಮೇಲೆ ನಿಲ್ಲದೆ ಪಕ್ಕಕ್ಕೆ ಬಿದ್ದಿರಬಹುದು. ಇಳಿದ ಮೇಲಿನ ಅಳತೆಗಳು ಇಲ್ಲಿ ಸಹಾಯಕ್ಕೆ ಬರುವವು. ಮೇಲೆ ಮನುಷ್ಯಳಿದ್ದರೆ ಹಲಗೆಯು ಭಾರದಿಂದ ಒತ್ತಲ್ಪಟ್ಟು ಉರುಳುತ್ತಾ ಮುಂದುವರಿಯುವದು. ಬರಿಯ ಹಲಗೆಯಾದರೆ ಕುಪ್ಪಳಿಸಿ, ಮಗುಚಿ, ಬೇಗನೆ ನಿಲ್ಲುವದು. ಆದರೆ ಹಾರಿಕೆಯು ಅಂದವಾಗಿತ್ತೇ, ದಿಟ್ಟತನವಿತ್ತೇ ಎಂಬದನ್ನು ಈ ಬಿಲ್ಲೆಯು ಅಳೆಯಲಾರದು. ಟೋಕಿಯೋದಲ್ಲಿಯೂ ಪ್ಯಾರಿಸಿನಲ್ಲಿಯೂ ಅಂಕಗಳನ್ನು ಕೊಟ್ಟವರು ಮನುಷ್ಯರಾದ ತೀರ್ಪುಗಾರರೇ.

ಚಕ್ರದ ಹಲಗೆಯಿಲ್ಲದ ವಾಚಕಿಯರೂ ಇದರಲ್ಲಿ ಒಂದು ಭಾಗವನ್ನು ಮನೆಯಲ್ಲಿ ಪ್ರಯೋಗಿಸಿ ನೋಡಬಹುದು. ಜರ್ಮನಿಯ ಆಖೆನ್ ನಗರದ ವಿಶ್ವವಿದ್ಯಾಲಯದವರು ಸಿದ್ಧಪಡಿಸಿದ ‘ಫೈಫಾಕ್ಸ್’ ಎಂಬ ಸಾಧನವು ಮೊಬೈಲ್ ಫೋನಿಗೆ ಬಿಟ್ಟಿಯಾಗಿ ದೊರೆಯುವದು. ಅದು ಫೋನಿನೊಳಗಿನ ಮಾಪಕಗಳ ಅಳತೆಯನ್ನು ಗೆರೆಯಾಗಿ ತೋರಿಸುವದು. ಫೋನನ್ನು ಮೇಜಿನ ಮೇಲಿಟ್ಟು ೯.೮ರ ಸುಮಾರಿಗೆ ಗೆರೆಯು ನಿಂತಿದೆಯೇ ನೋಡಿರಿ. ಆಮೇಲೆ ದಪ್ಪನೆಯ ಹಾಸಿಗೆಯ ಮೇಲೆ ೪೫ ಸೆಂಟಿಮೀಟರು ಎತ್ತರದಿಂದ ಅದನ್ನು ಮೆಲ್ಲನೆ ಕೈಬಿಡಿರಿ. ಗೆರೆಯು ಸೊನ್ನೆಯ ಸಮೀಪಕ್ಕಿಳಿದು ಸುಮಾರು ೦.೩ ಸೆಕೆಂಡು ಅಲ್ಲಿಯೇ ಇದ್ದು ಥಟ್ಟನೆ ಮೇಲಕ್ಕೇಳುವದು. ಇದನ್ನು ಫೋನಿನ ಯಜಮಾನರ ಅಪ್ಪಣೆಯಿಲ್ಲದೆ ಮಾಡತಕ್ಕದ್ದಲ್ಲವೆಂದು ಬೇರೆಯಾಗಿ ಹೇಳಬೇಕಾಗಿಲ್ಲ.

ಕಾಗದದ ಮೇಲಿನ ಅಭ್ಯಾಸವು ಬೇಕೆನ್ನುವವರು ನಮ್ಮ ನಾಲ್ಕು ಮಾದರಿಗಳಿಗೆ ಹೀಲ್‌ಫ್ಲಿಪ್ಪನ್ನು ಐದನೆಯದಾಗಿ ಸೇರಿಸಲಿ; ಅದು ಎದುರುದಿಕ್ಕಿಗೆ ಉರುಳುವದರಿಂದ ಋಣ ೩೫೫ ಮತ್ತು ೮ ಎಂದಿರಲಿ. ಹೊಸ ಹಾರಿಕೆಯೊಂದು ಋಣ ೩೪೮ ಮತ್ತು ೬ ಎಂದು ಬಂದಿದೆ. ಐದು ದೂರಗಳನ್ನೂ ಲೆಕ್ಕಮಾಡಿ ಹೆಸರನ್ನು ಹೇಳಿರಿ. ಮಾದರಿಗಳೆಲ್ಲವೂ ರೆಗ್ಯುಲರ್ ಆಟಗಾರ್ತಿಯವಾಗಿದ್ದು, ಈ ಹಾರಿಕೆಯನ್ನು ಮಾಡಿದವಳು ಗೂಫಿಯೆಂದು ಆಮೇಲೆ ತಿಳಿದುಬಂದರೆ, ಹೇಳಿದ ಹೆಸರನ್ನು ಏನೆಂದು ತಿದ್ದುವಿರಿ?